ಮೊದಲು ಏಳುವವರು ಯಾರು?

ಟೈಲರಿಂಗ್ ಮಾಡುವ ಹಿರಿಸೊಸೆಗೆ ಧ್ಯಾನದ ಹುಚ್ಚೇನೂ ಇರಲಿಲ್ಲ. ಕಿರಿಯ ವಾರಗಿತ್ತಿ ದಿನಾ ಬೆಳಿಗ್ಗೆ ಹತ್ತು ನಿಮಿಷ ಕಣ್ಣು ಮುಚ್ಚಿ ಕೂರುವುದನ್ನು ಅತ್ತೆ ಬಂದವರೆದುರೆಲ್ಲ ಹೊಗಳುವಾಗ ಇವಳ ಹೊಟ್ಟೆ ಧಗಧಗ ಉರಿಯುತ್ತಿತ್ತು. ಹೊಲಿಯುವ ಬಟ್ಟೆ ರಾಶಿ ಬಿದ್ದಿದ್ದರೂ ಚಾಪೆ ಹಾಸಿ ಇವಳೂ ಅವಳೆದುರೇ ಕೂತಳು. ಅವಳು ಏಳುವ ತನಕ ತಾನು ಏಳಬಾರದೆಂಬ ಹಟ. ಹತ್ತು ನಿಮಿಷ ಇಪ್ಪತ್ತಾಯಿತು, ತಿಂಗಳೊಳಗೆ ಮುಕ್ಕಾಲು ಗಂಟೆಯಾಯಿತು. ಒಂದು ದಿನವೂ ತಪ್ಪಲಿಲ್ಲ.

ಈ ಹಾಳಾದವಳಿಗೆ ಕಾಲು ಜೋಮು ಹಿಡಿಯುವುದೇ ಇಲ್ಲವೇ ಎಂದು ಇವತ್ತು ಇವಳು ಒಂದು ಕಣ್ಣನ್ನು ಚೂರೇ ಚೂರು ತೆರೆದಳು. ಎದುರಿನವಳ ಒಂದು ಕಣ್ಣೂ ತೆರೆದೇ ಇತ್ತು.

"ಅಕ್ಕಾ, ದಮ್ಮಯ್ಯ, ನೀವು ಎದ್ದುಬಿಡಿ. ನಂಗೆ ಕಾಲು ಸತ್ತೇಹೋಗಿದೆ," ಎಂದು ವಾರಗಿತ್ತಿ ಪಿಸುಗುಟ್ಟಿದಳು.

ಹಿರಿಸೊಸೆ ಥಟ್ಟನೆ ಕಣ್ಣು ಮುಚ್ಚಿಕೊಂಡಳು.

"ಧ್ಯಾನದಲ್ಲಿದ್ದೀನಿ, ಮಾತಾಡಿಸ್ಬೇಡ."