ಅಕ್ಕ ತಿದ್ದಿದ ಕಥೆ

ಪ್ರಾರ್ಥನಾ ಪುಸ್ತಕದ ಕರಡಿನಲ್ಲಿ ಒಂದು ಅಲ್ಪವಿರಾಮ ಹೆಚ್ಚಾಗಿ ಉಳಿದರೂ ಅಕ್ಕನಿಗೆ ಊಟ ಸೇರುತ್ತಿರಲಿಲ್ಲ. ಇಪ್ಪತ್ತಾರು ವರ್ಷಗಳಿಂದ ಅದೇ ಪ್ರೆಸ್ಸಿನಲ್ಲಿ, ಅದೇ ಕಿಟಕಿಯ ಪಕ್ಕದ ಅಲ್ಲಾಡುವ ಮೇಜಿನ ಮುಂದೆ ಕೂತು, ಕೆಂಪು ಪೆನ್ನು ಹಿಡಿದು ಬೇರೆಯವರ ತಪ್ಪು ಹುಡುಕಿದವಳು ಅವಳು. ಹುಡುಕಿ ಹುಡುಕಿ, ತನ್ನ ಕೈಯಿಂದ ಮಾತ್ರ ತಪ್ಪಾಗುವುದಿಲ್ಲ ಎಂಬ ನಂಬಿಕೆ ತಾನಾಗಿಯೇ ಬಂದುಬಿಟ್ಟಿತ್ತು. ಆ ಕಸುಬಿನವರಿಗೆ ಅಂಟುವ ಕಾಯಿಲೆ ಅದು.

ಮಧ್ಯಾಹ್ನ ಊಟದ ಡಬ್ಬಿ ತೊಳೆದಿಟ್ಟು ಮೊಬೈಲ್ ಕೈಗೆತ್ತಿಕೊಂಡರೆ ಸಂಬಳವಿಲ್ಲದ ಎರಡನೆಯ ನೌಕರಿ ಶುರುವಾಗುತ್ತಿತ್ತು. ಅದು ಆನ್‌ಲೈನ್ ಕಥೆಗಳ ಬಳಗ. ನಾಲ್ಕು ಸಾವಿರ ಜನ ಸದಸ್ಯರು. ಬರೆಯುವವರು ನೂರು, ಓದುವವರು ಮಿಕ್ಕವರು. ಬಳಗ ಕಟ್ಟಿದವರು ನಿವೃತ್ತ ಮೇಷ್ಟ್ರು. ಅಕ್ಕ ಹೋಗುತ್ತಿದ್ದ ಪ್ರಾರ್ಥನಾ ಮಂದಿರದಲ್ಲಿ ವಾರಕ್ಕೊಮ್ಮೆ ಪ್ರವಚನ ಮಾಡುತ್ತಿದ್ದವರೂ ಅವರೇ. ಆದರೆ ಬಳಗ ನಡೆಯುತ್ತಿದ್ದದ್ದು ಅಕ್ಕನಿಂದ. ಯಾರು ಕಥೆ ಕಳಿಸಿದರೂ ಮೊದಲು ಅವಳು ತಿದ್ದಬೇಕು. ತಿದ್ದಿದ್ದನ್ನು ಬರೆದವರಿಗೆ ತೋರಿಸಬೇಕು. ಅವರು ಸರಿ ಎಂದ ಮೇಲೆಯೇ ಕಥೆ ಎಲ್ಲರ ಕಣ್ಣಿಗೆ ಬೀಳಬೇಕು. ಈ ಕಟ್ಟುಪಾಡು ಮಾಡಿದ್ದೂ ಅಕ್ಕನೇ. ಅವಳನ್ನು ಎಪ್ಪತ್ತು ದಾಟಿದ ಅಜ್ಜಂದಿರೂ 'ಅಕ್ಕ' ಎಂದೇ ಕರೆಯುತ್ತಿದ್ದರು, ಅವಳಿಗೂ ಅದು ಒಳಗೊಳಗೇ ಹಿತವಾಗಿತ್ತು.

ಆ ದಿನ ಕಥೆ ಕಳಿಸಿದ್ದವನು ಬೀಗದವನು. ಬಳಗದಲ್ಲಿ ಅವನು ಇಟ್ಟುಕೊಂಡಿದ್ದ ಹೆಸರೇ ಅದು. ಬಸ್ ಡಿಪೋ ಎದುರು ಬೀಗ ರಿಪೇರಿಯ, ನಕಲಿ ಕೀಲಿ ಮಾಡಿಕೊಡುವ ಅಂಗಡಿ ಅವನದು. ಎರಡು ವರ್ಷದಿಂದ ಗಿರಾಕಿಗಳ ತಮಾಷೆಯ ಕಥೆಗಳನ್ನು ಬರೆದು ಎಲ್ಲರನ್ನೂ ನಗಿಸುತ್ತಿದ್ದ. ಈ ಸಲ ಕಥೆಯ ಜೊತೆ ಎರಡು ಸಾಲು ಸೇರಿಸಿದ್ದ. 'ಅಕ್ಕ, ಇದನ್ನ ಕಥೆ ಅಂದ್ಕೊಳ್ಳಿ, ನಡೆದದ್ದು ಅಂದ್ಕೊಳ್ಳಿ, ನಿಮ್ಮಿಷ್ಟ. ಬೇರೆ ಎಲ್ಲೂ ಹೇಳ್ಕೊಳ್ಳೋಕೆ ಜಾಗ ಇಲ್ಲ.'

ಅಕ್ಕ ಓದಿದಳು. ಒಬ್ಬ ಬೀಗದವನು, ಒಬ್ಬ ಬಸ್ ಡ್ರೈವರ್. ಇಬ್ಬರೂ ಒಂದೇ ಮನೆಯಲ್ಲಿ ಹನ್ನೊಂದು ವರ್ಷ ಬಾಳುತ್ತಾರೆ. ಲೋಕದ ಕಣ್ಣಿಗೆ ಮನೆ ಹಂಚಿಕೊಂಡ ಗೆಳೆಯರು. ಡ್ರೈವರ್ ಹಾಸಿಗೆ ಹಿಡಿಯುತ್ತಾನೆ. ಬೀಗದವನು ದಿನಾ ಬೆಳಿಗ್ಗೆ ಅಂಗಡಿಗೆ ಹೊರಡುವ ಮುನ್ನ ಅವನಿಗೆ ಗಡ್ಡ ಬೋಳಿಸುತ್ತಾನೆ, ಕೆನ್ನೆ ಗುಳಿಬಿದ್ದ ಮೇಲೆ ಒಳಗಿನಿಂದ ನಾಲಿಗೆಯಿಂದ ಉಬ್ಬಿಸು ಎಂದು ಹೇಳಿಕೊಡುತ್ತಾನೆ. ಡ್ರೈವರ್ ಸಾಯುತ್ತಾನೆ. ಅಂತಿಮ ಪ್ರಾರ್ಥನೆಯಲ್ಲಿ 'ಮನೆಯವರು ಮುಂದೆ ಬನ್ನಿ' ಎಂದಾಗ ಬೀಗದವನು ಒಂದು ಹೆಜ್ಜೆ ಎತ್ತಿ, ಮತ್ತೆ ಅಲ್ಲೇ ಊರುತ್ತಾನೆ. ಮೂರು ದಿನ ಕಳೆದ ಮೇಲೆ ಡ್ರೈವರನ ಅಣ್ಣ ಮನೆಗೆ ಬರುತ್ತಾನೆ. ಮನೆಯ ಕಾಗದಪತ್ರ ತಮ್ಮನ ಹೆಸರಿನಲ್ಲಿದೆ. 'ನಿಮ್ದೇ ಬೀಗದ ಕೆಲ್ಸ ಅಲ್ವಾ? ಬಾಗಿಲಿಗೆ ಹೊಸ ಬೀಗ ಹಾಕಿ, ಕೀಲಿ ಎಲ್ಲ ನಂಗೆ ಕೊಟ್ಬಿಡಿ' ಎನ್ನುತ್ತಾನೆ. ಬೀಗದವನು ತನ್ನ ಪೆಟ್ಟಿಗೆ ತೆರೆದು, ಹಳೆಯ ಬೀಗ ಬಿಚ್ಚಿ, ಹೊಸದನ್ನು ಕೂರಿಸಿ, ಮೂರೂ ಕೀಲಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ, ಅಣ್ಣನ ಕೈಗಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಾನೆ. ಕಥೆ ಅಲ್ಲಿಗೆ ಮುಗಿದಿತ್ತು.

ಅಕ್ಕ ಮತ್ತೊಮ್ಮೆ ಮೊದಲಿನಿಂದ ಓದಿದಳು. ಕಥೆ ಹಿಡಿಸಿತ್ತು, ಜೊತೆಗೆ ಮೈಯೆಲ್ಲ ಮುಜುಗರ. ಅವಳೇನೂ ಆಕಾಶದಿಂದ ಇಳಿದವಳಲ್ಲ. ಅಂಥವರು ಪಾಪಿಗಳೆಂದು ಹೇಳುವ ಪ್ರಾರ್ಥನಾ ಪುಸ್ತಕದ ಸಾಲನ್ನು ಐದು ಆವೃತ್ತಿಗಳಲ್ಲಿ ಒಂದಕ್ಷರ ತಪ್ಪದಂತೆ ತಿದ್ದಿಕೊಟ್ಟವಳೇ ಅವಳು. ಏನು ಮಾಡಬೇಕೆಂದು ತಿಳಿಯದೆ ಕಥೆಯನ್ನು ಮೇಷ್ಟ್ರಿಗೆ ಕಳಿಸಿದಳು. ಹತ್ತೇ ನಿಮಿಷದಲ್ಲಿ ಅವರ ಫೋನು ಬಂತು.

"ತಂಗೀ, ನಾನು ಯಾರನ್ನೂ ದ್ವೇಷ ಮಾಡೋನಲ್ಲ," ಎಂದರು. ಅವರ ದನಿ ಎಂದಿನಂತೆ ಮೃದುವಾಗಿಯೇ ಇತ್ತು. "ಅವನ ದುಃಖ ದುಃಖವೇ, ಇಲ್ಲ ಅನ್ನಲ್ಲ. ಆದ್ರೆ ಬಳಗದಲ್ಲಿ ಹೆಣ್ಣುಮಕ್ಕಳು, ಹಿರಿಯರು ಎಲ್ಲ ಇದ್ದಾರೆ. ಧರ್ಮಗ್ರಂಥ ಒಪ್ಪದ್ದನ್ನ ನಾವೇ ತಟ್ಟೆಗೆ ಹಾಕಿ ಬಡಿಸಿದ್ರೆ ನಾಳೆ ಯಾವ ಮುಖ ಇಟ್ಕೊಂಡು ಪ್ರವಚನ ಮಾಡ್ಲಿ?"

"ಕಥೆ ತುಂಬಾ ಚೆನ್ನಾಗಿದೆ ಮೇಷ್ಟ್ರೇ. ಇಂಥದ್ದು ನಮ್ಮ ಬಳಗಕ್ಕೆ ಬಂದೇ ಇರ್ಲಿಲ್ಲ."

"ತೊಂದರೆ ಇರೋದೇ ಅಲ್ಲಿ. ಕೆಟ್ಟದಾಗಿದ್ದಿದ್ರೆ ಯಾರೂ ಓದ್ತಿರ್ಲಿಲ್ಲ, ಅದರ ಪಾಡಿಗೆ ಅದು ಹೋಗ್ತಿತ್ತು." ಅವರು ಮುಂದುವರಿಸಿದರು, "ಪೆನ್ನು ನಿನ್ನ ಕೈಲೇ ಇದೆಯಲ್ಲ. ಏನಾದ್ರೂ ಮಾಡು. ನಿನಗೆ ಗೊತ್ತಾಗದ್ದು ಏನಿದೆ?"

ಆ ಕೊನೆಯ ಮಾತು ಅಕ್ಕನನ್ನು ಉಬ್ಬಿಸಿತು. ಸಂಜೆ ಮನೆಯಲ್ಲಿ ಗಂಡನಿಗೂ ವಿಷಯ ಹೇಳಿದಳು. ಅವನು ಲಿಫ್ಟ್ ಮೆಕ್ಯಾನಿಕ್ ಆಗಿದ್ದು ನಿವೃತ್ತಿಯಾದವನು. ಈಗ ಪ್ರಾರ್ಥನಾ ಮಂದಿರದ ಮೈಕು, ಫ್ಯಾನು, ಕುರ್ಚಿಗಳ ಯಜಮಾನಿಕೆ ಅವನದು.

"ಅವ್ರ ಪಾಡಿಗೆ ಅವ್ರು ಇರ್ಲಿ ಬಿಡು, ಯಾರು ಬೇಡ ಅಂದ್ರು?" ಎಂದು ಅವನು ಟೀವಿಯಿಂದ ಕಣ್ಣು ತೆಗೆಯದೆ ಹೇಳಿದ. "ಊರಿಗೆಲ್ಲ ಡಂಗುರ ಯಾಕೆ ಸಾರ್ಬೇಕು ಅಂತ."

"ನೀವೊಂದ್ಸಲ ಓದಿ ನೋಡಿ."

"ಓದದೇ ಗೊತ್ತಾಗುತ್ತೆ ಬಿಡೇ."

ಮರುದಿನ ಅಕ್ಕ ಕಥೆಯನ್ನು ತಿದ್ದಿದಳು. ಡ್ರೈವರ್ ಹೋಗಿ ಹೆಂಡತಿ ಬಂದಳು. ಗಡ್ಡ ಬೋಳಿಸುವುದು ಹೋಗಿ ತಲೆ ಬಾಚುವುದು ಬಂತು. ಅಂತಿಮ ಪ್ರಾರ್ಥನೆಯಲ್ಲಿ ಗಂಡ ಮುಂದಿನ ಸಾಲಿನಲ್ಲೇ ನಿಂತ. ಎಲ್ಲವೂ ಸರಾಗವಾಗಿ ಕೂತವು. ಬೀಗ ಬದಲಾಯಿಸುವ ಭಾಗ ಮಾತ್ರ ಏನು ಮಾಡಿದರೂ ಕೂರಲಿಲ್ಲ. ಕಟ್ಟಿಕೊಂಡ ಗಂಡನಿಗೆ, ಹೆಂಡತಿ ಸತ್ತ ಮೂರೇ ದಿನಕ್ಕೆ, ನಿನ್ನ ಕೈಯಾರೆ ಬೀಗ ಹಾಕಿ ಹೊರಡು ಎಂದು ಯಾರಾದರೂ ಹೇಳುತ್ತಾರೆಯೇ? ಹೇಳಿದರೂ ನೆರೆಹೊರೆಯವರು ಸುಮ್ಮನಿರುತ್ತಾರೆಯೇ? ನಂಬುವ ಹಾಗಿಲ್ಲ ಎನಿಸಿತು. ಆ ಇಡೀ ಭಾಗವನ್ನು ತೆಗೆದು ಹಾಕಿದಳು.

ಇನ್ನು ಅವನಿಗೆ ತೋರಿಸಿ ಒಪ್ಪಿಗೆ ಕೇಳಬೇಕಿತ್ತು. ಕೇಳಿದರೆ ಬೇಡ ಎನ್ನುತ್ತಾನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ. ಒಳ್ಳೆಯ ಕಥೆಯೊಂದು ಮೂಲೆಗೆ ಬೀಳುವುದನ್ನು ತಪ್ಪಿಸಿದೆ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡು ಅದನ್ನು ಬಳಗಕ್ಕೆ ಏರಿಸಿದಳು.

ಸಂಜೆಯೊಳಗೆ ಬಳಗದಲ್ಲಿ ಕಣ್ಣೀರಿನ ಹೊಳೆ ಹರಿಯಿತು. 'ಅಣ್ಣಾ, ನಿಮ್ಮ ಹೆಂಡತಿ ಪುಣ್ಯವಂತೆ.' 'ನನ್ನ ಗಂಡನಿಗೆ ಇದನ್ನ ಓದಿ ಹೇಳಿದೆ, ಮೊದಲನೇ ಸಲ ಪಾತ್ರೆ ತೊಳೆದ್ರು.' 'ಧೈರ್ಯ ತಗೊಳ್ಳಿ, ನಾವೆಲ್ಲ ನಿಮ್ಮ ಮನೆಯವರೇ.' ಮುನ್ನೂರಕ್ಕೂ ಹೆಚ್ಚು ಜನ ಬರೆದರು. ಮೇಷ್ಟ್ರು ಕೂಡ, 'ದಾಂಪತ್ಯವೆಂದರೆ ಇದು' ಎಂದು ಬರೆದು ಕೈಮುಗಿದ ಚಿತ್ರ ಹಾಕಿದರು.

ಬೀಗದವನು ಬಳಗದಲ್ಲಿ ಏನೂ ಬರೆಯಲಿಲ್ಲ. ಅಕ್ಕನಿಗೆ ಮಾತ್ರ ಒಂದು ಸಾಲು ಕಳಿಸಿದ.

'ಅಕ್ಕ, ಇದು ಯಾರ ಹೆಂಡತಿ?'

ಅವಳು ಉದ್ದದ ಉತ್ತರ ಬರೆದಳು, ಅಳಿಸಿದಳು, ಮತ್ತೆ ಬರೆದಳು. ಕಳಿಸುವ ಹೊತ್ತಿಗೆ ಅವನು ಬಳಗ ಬಿಟ್ಟು ಹೋಗಿದ್ದ.

ಇಷ್ಟಕ್ಕೇ ನಿಂತಿದ್ದರೆ ಅಕ್ಕ ಹೇಗೋ ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುತ್ತಿದ್ದಳು. ಹಾಗೆ ಹೇಳಿಕೊಳ್ಳುವುದರಲ್ಲಿ ನಾವೆಲ್ಲ ಪಳಗಿದವರೇ. ಆದರೆ ಆ ವಾರದ ಪ್ರವಚನದಲ್ಲಿ ಮೇಷ್ಟ್ರು ಆ ಕಥೆಯನ್ನೇ ಓದಿದರು. ಇದು ಆ ಕಥೆಯೇ ಎಂದು ತಿಳಿಯದ ಗಂಡನೇ ಮೈಕು ಸರಿಮಾಡಿಕೊಟ್ಟ. ತಲೆ ಬಾಚುವ ಭಾಗ ಬಂದಾಗ ಮುಂದಿನ ಸಾಲಿನ ಹೆಂಗಸರು ಕಣ್ಣೊರೆಸಿಕೊಂಡರು. ಓದಿ ಮುಗಿಸಿದ ಮೇಷ್ಟ್ರು, "ಗಂಡು ಹೆಣ್ಣಿನ ಪವಿತ್ರ ಬಂಧಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಈ ಮಾತು ಸುಳ್ಳಿನ ಹೃದಯದಿಂದ ಬರಲಾರದು," ಎಂದರು. ಅದು ಯಾರ ಹೃದಯದ ಮಾತು ಎಂದು ಆ ಸಭೆಯಲ್ಲಿ ತಿಳಿದಿದ್ದವರು ಇಬ್ಬರೇ. ಒಬ್ಬರು ಮೈಕಿನ ಮುಂದಿದ್ದರು, ಇನ್ನೊಬ್ಬಳು ಮೂರನೇ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಅಕ್ಕನಿಗೆ ನಾಚಿಕೆಯಾಯಿತು. ಮುಕ್ತಾಯದ ಪ್ರಾರ್ಥನೆಗೆ ಕಾಯದೆ ಎದ್ದು ಹೊರಟಳು.

ಬಸ್ ಡಿಪೋ ಎದುರಿನ ಅಂಗಡಿ ನಾಲ್ಕು ಜನ ನಿಲ್ಲಲಾಗದಷ್ಟು ಚಿಕ್ಕದು. ಗೋಡೆ ತುಂಬ ಕೀಲಿಗಳು. ಕೌಂಟರಿನ ಕೆಳಗೆ ಡಬ್ಬಗಳು, ಸುತ್ತಿ ಕಟ್ಟಿದ ಒಂದು ಹಾಸಿಗೆ, ಒಂದು ಸೂಟ್‌ಕೇಸು. ಐವತ್ತರ ಆಸುಪಾಸಿನ ಸಣಕಲು ಮನುಷ್ಯ ಯಂತ್ರಕ್ಕೆ ಕೀಲಿ ಸಿಕ್ಕಿಸಿ ಕೊರೆಯುತ್ತಿದ್ದ. ತಲೆಯೆತ್ತಿ ನೋಡಿದವನು ಯಂತ್ರ ನಿಲ್ಲಿಸಿದ.

"ಅಕ್ಕ ಅಲ್ವಾ? ಫೋಟೋದಲ್ಲಿ ನೋಡಿದ್ದೆ. ಕೂತ್ಕೊಳ್ಳಿ," ಎಂದು ಇದ್ದ ಒಂದೇ ಸ್ಟೂಲನ್ನು ಅವಳತ್ತ ಸರಿಸಿದ.

ಅಕ್ಕ ಕೂರಲಿಲ್ಲ. "ತಪ್ಪಾಯ್ತು," ಎಂದಳು. ಇಪ್ಪತ್ತಾರು ವರ್ಷದಲ್ಲಿ ಆ ಮಾತು ಅವಳ ಬಾಯಿಂದ ಬಂದದ್ದು ಕಡಿಮೆ, ಅಭ್ಯಾಸವಿಲ್ಲದೆ ನಾಲಿಗೆ ತೊಡರಿತು. "ಕಥೆ ಉಳೀಲಿ ಅಂತ ಹಾಗೆ ಮಾಡಿದೆ."

"ಮುನ್ನೂರು ಜನ ಸಮಾಧಾನ ಹೇಳಿದ್ರು ಅಕ್ಕ. ಅವನು ಹೋದಾಗ ನನಗೆ ಒಬ್ಬರೂ ಹೇಳಿರ್ಲಿಲ್ಲ." ಅವನು ಕೀಲಿಯ ಮೇಲಿನ ಪುಡಿಯನ್ನು ಹೆಬ್ಬೆರಳಲ್ಲಿ ಒರೆಸಿದ. "ಎಲ್ಲಾನೂ ಓದಿದೆ. ಆಸೆಯಾಯ್ತು ನೋಡಿ. ಸುಮ್ನೆ ಹೌದು ಅಂದುಬಿಡೋಣ, ಹೆಂಡತೀನೇ ಸತ್ತಿದ್ದು ಅಂದುಬಿಡೋಣ ಅನ್ಸ್ತು. ಆಮೇಲೆ ನನ್ನ ಮೇಲೆ ನನಗೇ ಅಸಹ್ಯ ಆಯ್ತು. ಅದಕ್ಕೇ ಬಿಟ್ಟು ಬಂದೆ."

ಅವನು ಕೀಲಿಯನ್ನು ಕೌಂಟರಿನ ಮೇಲಿಟ್ಟ.

"ಒಂದು ಕೇಳ್ಲಾ? ಮಿಕ್ಕಿದ್ದೆಲ್ಲ ಬದಲಾಯಿಸಿದ್ರಿ, ಸರಿ. ಬೀಗದ ಭಾಗ ಪೂರ್ತಿ ತೆಗೆದ್ರಲ್ಲ, ಅದ್ಯಾಕೆ?"

"ಅದು..." ಅಕ್ಕ ತಡವರಿಸಿದಳು. "ಗಂಡ ಹೆಂಡತಿ ಅಂತ ಮಾಡಿದ್ಮೇಲೆ ಅದು ಹೊಂದಲಿಲ್ಲ. ಗಂಡನ್ನ ಹಾಗೆ ಯಾರೂ ಹೊರಗೆ ಹಾಕಲ್ಲ. ಓದಿದವರು ನಂಬಲ್ಲ ಅಂತ..."

ಮಾತು ಬಾಯಿಂದ ಹೊರಬಿದ್ದ ಮೇಲೆಯೇ ತಾನು ಏನು ಹೇಳಿದೆನೆಂದು ಅವಳಿಗೆ ಕೇಳಿಸಿತು. ಬೀಗದವನು ಅವಳನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ.

"ಹೌದಲ್ವಾ," ಎಂದ. "ಯಾರೂ ನಂಬಲ್ಲ."

ಡಿಪೋದಿಂದ ಒಂದು ಬಸ್ಸು ಹೊರಟು ತಿರುವಿನಲ್ಲಿ ಹಾರ್ನ್ ಹಾಕಿತು. ಅವನು ಅಭ್ಯಾಸ ಬಲದಿಂದ ಅತ್ತ ತಿರುಗಿ, ಮತ್ತೆ ಕೆಲಸದ ಕಡೆ ಕಣ್ಣು ಹಾಕಿದ. ಅಕ್ಕ ಕೌಂಟರಿನ ಹತ್ತಿರಕ್ಕೆ ಸರಿದು ಕೇಳಿದಳು.

"ನೀವು ಬರೆದ ಹಾಗೇ ಹಾಕ್ಲಾ? ಬಳಗದಲ್ಲಿ?"

"ಈಗ ಕೇಳ್ತಿದ್ದೀರಾ?" ಅವನು ನಕ್ಕ ಹಾಗೆ ಮಾಡಿದ. "ನಿಮ್ಮ ಮೇಷ್ಟ್ರು ಇಟ್ಕೊಳ್ಳಲ್ಲ. ನಿಮ್ಮನ್ನೂ ಇಟ್ಕೊಳ್ಳಲ್ಲ."

"ಗೊತ್ತು."

"ಹಾಕಿ ಹಾಗಾದ್ರೆ. ಗಡ್ಡ ಬೋಳಿಸೋದನ್ನ ಮಾತ್ರ ಬಿಡ್ಬೇಡಿ. ಅದು ಅವನಿಗೆ ಇಷ್ಟ." ಅಷ್ಟು ಹೇಳಿ ಯಂತ್ರ ಶುರು ಮಾಡಿದ. ಕ್ಷಮಿಸಿದ್ದೇನೆ ಎಂದು ಹೇಳಲಿಲ್ಲ. ಅವಳಿಗೂ ಕೇಳುವ ಮುಖವಿರಲಿಲ್ಲ.

ಮರುದಿನ ಊಟದ ಬಿಡುವಿನಲ್ಲಿ ಅಕ್ಕ ಮೂಲ ಕಥೆಯನ್ನು ಬಳಗಕ್ಕೆ ಏರಿಸಿದಳು. ಮೇಲೆ ಮೂರು ಸಾಲು ಬರೆದಳು. 'ಹೋದ ವಾರ ನೀವು ಓದಿ ಅತ್ತ ಕಥೆ ಬರೆದವರದಲ್ಲ, ನಾನು ಕೆಡಿಸಿದ್ದು. ಅವರನ್ನು ಕೇಳದೆ ಕೆಡಿಸಿದೆ. ಅವರು ಬರೆದದ್ದು ಇದು.'

ಹದಿನಾಲ್ಕು ನಿಮಿಷ ಅದು ಬಳಗದಲ್ಲಿತ್ತು. ಹೋದ ವಾರ 'ನಾವೆಲ್ಲ ನಿಮ್ಮ ಮನೆಯವರೇ' ಎಂದಿದ್ದ ಹೆಂಗಸು ಮೊದಲು ಬರೆದಳು, 'ಛೀ.' ಇನ್ನೊಬ್ಬರು, 'ನಮ್ಮ ಕಣ್ಣೀರು ವಾಪಸ್ ಕೊಡಿ' ಎಂದು ಬರೆದು ನಗುವ ಮುಖ ಹಾಕಿದರು. ಹದಿನೈದನೆಯ ನಿಮಿಷಕ್ಕೆ ಕಥೆಯೂ ಇರಲಿಲ್ಲ, ಬಳಗದಲ್ಲಿ ಅಕ್ಕನೂ ಇರಲಿಲ್ಲ. ಮೇಷ್ಟ್ರು ಬೈಯಲಿಲ್ಲ. 'ನಿನ್ನಿಂದ ಇದನ್ನು ನಿರೀಕ್ಷಿಸಿರಲಿಲ್ಲ ತಂಗೀ, ನಿನಗಾಗಿ ಪ್ರಾರ್ಥಿಸುತ್ತೇನೆ' ಎಂದು ಮಾತ್ರ ಬರೆದರು. ಸಂಜೆ ಪ್ರೆಸ್ಸಿನ ಮಾಲೀಕರು ಕರೆದು, ಪ್ರಾರ್ಥನಾ ಪುಸ್ತಕದ ಹೊಸ ಆವೃತ್ತಿಯನ್ನು ಬೇರೆಯವರು ನೋಡಿಕೊಳ್ಳಲಿ ಎಂದರು. ಅಕ್ಕ ಆಗಲಿ ಎಂದು ಕೆಂಪು ಪೆನ್ನಿನ ಮುಚ್ಚಳ ಹಾಕಿದಳು.

ಮನೆಗೆ ಬಂದಾಗ ಗಂಡ ಟೀವಿ ಹಾಕಿರಲಿಲ್ಲ. ಊಟದ ಮೇಜಿನ ಮುಂದೆ ಕೂತಿದ್ದ, ಮುಂದೆ ಮೊಬೈಲ್ ಇತ್ತು. ಮಂದಿರದವರು ಮಧ್ಯಾಹ್ನದಿಂದ ಫೋನು ಮಾಡಿ ಅವನ ಕಿವಿ ತೂತು ಮಾಡಿದ್ದಿರಬೇಕು. ಅಕ್ಕ ಜಗಳಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡು ಚೀಲ ಕೆಳಗಿಟ್ಟಳು.

"ಮೇಷ್ಟ್ರು ಅಳಿಸೋ ಮುಂಚೆ ನಾನು ಓದ್ದೆ," ಎಂದ ಅವನು. "ಬಳಗದಲ್ಲಿ ಎಲ್ರೂ ಬೈತಿದ್ರಲ್ಲ, ಏನಿದೆ ಅಂತ ನೋಡೋಣ ಅಂತ."

ಅಕ್ಕ ಎದುರಿನ ಕುರ್ಚಿ ಎಳೆದು ಕೂತಳು.

"ಮೂರೂ ಕೀಲಿ ತಿರುಗಿಸಿ ನೋಡಿ ಕೊಟ್ನಂತೆ," ಎಂದು ಅವನು ಮೇಜಿನ ಮೇಲೆ ಬೆರಳಾಡಿಸಿದ. ನಲವತ್ತು ವರ್ಷ ಕೈಕೆಲಸ ಮಾಡಿದವನು. ಆ ಸಾಲು ಅವನನ್ನು ಎಲ್ಲಿಯೋ ತಾಗಿತ್ತು. ತಲೆಯೆತ್ತಿ ಕೇಳಿದ, "ಆಮೇಲೆ ಅವ್ನು ಎಲ್ಲಿಗೆ ಹೋದ? ಕಥೇಲಿ ಬರ್ದಿಲ್ಲ."

ಆ ಕಥೆಯನ್ನು ಅಕ್ಷರ ಅಕ್ಷರವಾಗಿ ಓದಿ ತಿದ್ದಿದ್ದ ಅಕ್ಕನಿಗೆ ಆ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ಅವನ ಎದುರು ಅಷ್ಟು ಹೊತ್ತು ನಿಂತಿದ್ದರೂ ಕೇಳಿರಲಿಲ್ಲ. ಈಗ ಕೌಂಟರಿನ ಕೆಳಗೆ ಡಬ್ಬಗಳ ಪಕ್ಕದಲ್ಲಿದ್ದ ಸುತ್ತಿದ ಹಾಸಿಗೆ ನೆನಪಾಯಿತು, ಸೂಟ್‌ಕೇಸೂ ನೆನಪಾಯಿತು.

"ಅಂಗಡೀಗೆ," ಎಂದಳು. "ಈಗ್ಲೂ ಅಲ್ಲೇ ಇದ್ದಾನೆ."

ಮೊಬೈಲ್ ಮತ್ತೆ ಬಡಿದುಕೊಳ್ಳತೊಡಗಿತು, ಮಂದಿರದಿಂದಲೇ. ಗಂಡ ಅದನ್ನು ಮಗುಚಿ ಹಾಕಿ, ಎದ್ದು ಹೋಗಿ ಹೊರಗಿನ ಕೋಣೆಯ ಬಾಗಿಲು ತೆರೆದ. ಮಗಳು ಮದುವೆಯಾಗಿ ಹೋದಾಗಿನಿಂದ ಹಳೆಯ ಪೇಪರು, ಕೆಟ್ಟ ಫ್ಯಾನು ತುಂಬಿಕೊಂಡಿದ್ದ ಕೋಣೆ ಅದು. ಒಂದು ಗಳಿಗೆ ಒಳಗೆ ನೋಡುತ್ತ ನಿಂತಿದ್ದು, ಆಮೇಲೆ ಬಗ್ಗಿ ಪೇಪರಿನ ಮೊದಲ ಕಟ್ಟನ್ನು ಎತ್ತಿ ಹೊರಗಿಟ್ಟ.