ಹೊಗೆ ಕಂಡರೆ ಫೋನ್ ಮಾಡಿ

ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಕೆಲಸದಿಂದ ನಿವೃತ್ತನಾದ ಆರೇ ತಿಂಗಳಿಗೆ ದಶರಥನಿಗೆ ಮನೆಯಲ್ಲಿ ಕೂತು ಸಾಕಾಗಿತ್ತು; ಅವನು ಕೂತದ್ದನ್ನು ನೋಡಿ ಹೆಂಡತಿ ಶೇವಂತಾಳಿಗೆ ಇನ್ನೂ ಹೆಚ್ಚು ಸಾಕಾಗಿತ್ತು. ಮಹಾರಾಷ್ಟ್ರದ ಗಡಿಯೂರು ಜತ್ತದ ಸ್ಟ್ಯಾಂಡಿನಲ್ಲಿ ಮೂವತ್ತೊಂದು ವರ್ಷ ಮೈಕು ಹಿಡಿದು, ಮೊದಲು ಮರಾಠಿಯಲ್ಲಿ ಆಮೇಲೆ ಕನ್ನಡದಲ್ಲಿ, ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಸಾರಿದ ಗಂಟಲು ಅದು. ಈಗ ಕುಕ್ಕರ್ ಎಷ್ಟು ಸಲ ಕೂಗಿತು, ಹಾಲಿನವನು ಎಷ್ಟು ನಿಮಿಷ ತಡಮಾಡಿದ ಎಂದು ಸಾರುತ್ತಿತ್ತು. ಹಾಗಾಗಿ ಅರಣ್ಯ ಇಲಾಖೆಯ ರೇಂಜರ್ ರವಿಕುಮಾರ ಮನೆಗೆ ಬಂದು, ಬೇಸಿಗೆಯ ನಾಲ್ಕು ತಿಂಗಳು ಬೆಂಕಿಯ ಕಂಟ್ರೋಲ್ ರೂಮು ನಡೆಸಿಕೊಡುತ್ತೀರಾ ಎಂದು ಕೇಳಿದಾಗ, ದಶರಥ ಬಾಯಿ ತೆರೆಯುವ ಮೊದಲೇ ಶೇವಂತಾ ಒಳಗಿನಿಂದ ಅವನ ಇಸ್ತ್ರಿ ಅಂಗಿ ತಂದಿಟ್ಟಳು.

ರವಿಕುಮಾರನ ತೊಂದರೆ ಸರಳವಾಗಿತ್ತು. ಈ ಕಡೆಯ ಗುಡ್ಡಗಳಲ್ಲಿ ಮರಕ್ಕಿಂತ ಹುಲ್ಲೇ ಹೆಚ್ಚು. ಹುಲ್ಲಿಗೆ ಹತ್ತಿದ ಬೆಂಕಿ ಓಡುತ್ತದೆ. ಕಂಡವರು ತಮಗೆ ಪರಿಚಯವಿದ್ದ ಯಾರೋ ಗಾರ್ಡಿಗೆ ಫೋನ್ ಮಾಡುತ್ತಿದ್ದರು, ಅವನು ಇನ್ನೊಬ್ಬನಿಗೆ, ಆ ಇನ್ನೊಬ್ಬ ಸಂತೆಯಲ್ಲಿರುತ್ತಿದ್ದ. ಉಪಗ್ರಹದಿಂದಲೂ ಮೊಬೈಲಿಗೆ ಸುದ್ದಿ ಬರುತ್ತಿತ್ತು. ಆದರೆ ಅದು ಬರುವ ಹೊತ್ತಿಗೆ ಗುಡ್ಡ ಸುಟ್ಟು ತಣ್ಣಗಾಗಿರುತ್ತಿತ್ತು.

ದಶರಥ ಕೇಳಿದ್ದು ನಾಲ್ಕೇ ವಸ್ತು: ಬೇರೆ ಯಾರೂ ಮುಟ್ಟದ ಒಂದು ಫೋನು, ಸರಿಯಾದ ಗಡಿಯಾರ, ತಾಲೂಕಿನ ದೊಡ್ಡ ನಕಾಶೆ, ಒಂದು ಕರಿಹಲಗೆ. ಇಲಾಖೆಯ ಆಫೀಸಿನಲ್ಲಿ ಸಸಿಯ ಚೀಲಗಳನ್ನು ತುಂಬಿಟ್ಟಿದ್ದ ಕೋಣೆಯನ್ನು ಗುಡಿಸಿ, ಆ ನಾಲ್ಕನ್ನೂ ಅಲ್ಲಿ ಹೊಂದಿಸಿದ. ಬಸ್ಸಿಗೆ ಮಾಡುತ್ತಿದ್ದ ಹಾಗೆಯೇ ಬೆಂಕಿಗೂ ಒಂದು ರಿಜಿಸ್ಟರ್ ಗೆರೆ ಹೊಡೆದ: ಫೋನ್ ಬಂದ ಹೊತ್ತು, ಗಾಡಿ ಬಿಟ್ಟ ಹೊತ್ತು, ಮುಟ್ಟಿದ ಹೊತ್ತು. ಮೋಟರ್‌ಸೈಕಲ್ಲಿನಲ್ಲಿ ಹದಿನೈದು ದಿನ ಊರೂರು ತಿರುಗಿ, ದ್ರಾಕ್ಷಿ-ದಾಳಿಂಬೆಗೆ ಔಷಧ ಹೊಡೆಯುವ ಟ್ರ್ಯಾಕ್ಟರ್ ಯಾರ ಹತ್ತಿರವಿದೆ ಎಂದು ಬರೆದುಕೊಂಡ. ಅದರ ಟಾಕಿಯಲ್ಲಿ ಔಷಧದ ಬದಲು ನೀರು ತುಂಬಿದರೆ ಅದೇ ಬೆಂಕಿಯ ಗಾಡಿ. ಊರಿನ ಗೋಡೆಗಳ ಮೇಲೆ, ‘ಹೊಗೆ ಕಂಡರೆ ಫೋನ್ ಮಾಡಿ’ ಎಂದು ತಾನೇ ಒಕ್ಕಣೆ ಹೇಳಿ ಎರಡು ಭಾಷೆಯಲ್ಲಿ ಬರೆಸಿದ.

ಇಲಾಖೆಯ ಜೀಪು ಒಂದೇ. ಅದರ ಮೇಲೆ ವನರಕ್ಷಕಿ ಶೈಲಾ, ಅವಳ ಕೈಕೆಳಗೆ ನಾಲ್ಕು ಜನ. ಇಪ್ಪತ್ತಾರರ ಶೈಲಾ ನಡೆದರೂ ಓಡಿದ ಹಾಗೆ ಕಾಣುವ ಹುಡುಗಿ. ದಶರಥನನ್ನು ಕಾಕಾ ಎನ್ನುತ್ತಿದ್ದಳು, ಅವನು ಗಡಿಯಾರ ನೋಡಿದಾಗಲೆಲ್ಲ ನಗುತ್ತಿದ್ದಳು.

ಕಂಟ್ರೋಲ್ ರೂಮು ಶುರುವಾದ ಮೂರನೆಯ ದಿನ ಬೆಳಿಗ್ಗೆ ಸನಮಡಿಯಿಂದ ಫೋನು ಬಂತು. ದಿಬ್ಬದ ಮೇಲೆ ದ್ರಾಕ್ಷಿ ಒಣಗಿಸುವ ಬೇದಾಣಾ ಶೆಡ್ಡಿನಿಂದ ರುಕ್ಮವ್ವ ಮಾತಾಡುತ್ತಿದ್ದೇನೆ, ತೆಂಕಣ ದಿಕ್ಕಿಗೆ ಹೊಗೆ ಇದೆ ಎಂದು. ಜೀಪು ಹೋಯಿತು. ಯಾರೋ ದಾಳಿಂಬೆಯ ಕತ್ತರಿಸಿದ ಟೊಂಗೆ ಸುಡುತ್ತಿದ್ದರು. ಮರುದಿನ ಮತ್ತೆ ಅವಳೇ. ರಸ್ತೆಯವರು ಡಾಂಬರು ಕಾಯಿಸುತ್ತಿದ್ದರು. ಅದರ ಮರುದಿನ ಮದುವೆಮನೆಯ ಒಲೆ. ಎರಡು ವಾರದಲ್ಲಿ ಹನ್ನೊಂದು ಸಲ ಜೀಪು ಸುಮ್ಮನೆ ಹೋಗಿ ಸುಮ್ಮನೆ ಬಂತು. ಆ ನಂಬರನ್ನು ಬಂದ್ ಮಾಡಿಬಿಡಿ ಎಂದಳು ಶೈಲಾ. ದಶರಥ ಅದಕ್ಕೆ ಒಪ್ಪದೆ, ತಾನೇ ತಿಳಿಸಿ ಹೇಳುತ್ತೇನೆಂದು ಫೋನ್ ಹಚ್ಚಿದ.

“ಅವ್ವಾರ, ಹೊಗಿ ಕಂಡದ್ದೆಲ್ಲಾ ಬೆಂಕಿ ಅಲ್ರಿ,” ಅಂದ.

“ಅದು ನನಗ ಗೊತ್ತೈತಿ,” ಎಂದಳು ರುಕ್ಮವ್ವ. “ಆದ್ರ ನೀವು ಗ್ವಾಡಿ ಮ್ಯಾಲ ಹೊಗಿ ಕಂಡ್ರ ಅಂತ ಬರಸೀರಿ. ಬೆಂಕಿ ಕಂಡ್ರ ಅಂತ ಬರಸಿಲ್ಲ. ನಾ ಬರದದ್ದು ಓದಿ ಮಾಡೀನಿ.”

ದಶರಥನಿಗೆ ನಗು ತಡೆಯಲಾಗಲಿಲ್ಲ. ಬೋರ್ಡ್ ಓದದೆ ಕೇಳಲು ಬಂದವರನ್ನು ಮೂವತ್ತೊಂದು ವರ್ಷ ಬೈದವನು ಅವನು. ಓದಿ ಕೇಳಿದವರನ್ನು ಹೇಗೆ ಬೈಯುವುದು?

ಅವತ್ತಿನಿಂದ ಅವನು ಬೇರೆ ಥರ ಕೇಳತೊಡಗಿದ. ಹೊಗೆ ಬಿಳಿಯೋ ಕರಿಯೋ, ನಿಂತಿದೆಯೋ ಮಲಗಿದೆಯೋ, ಗಾಳಿ ಎತ್ತ ಕಡೆಯದು. ರುಕ್ಮವ್ವನ ಶೆಡ್ಡು ಅಷ್ಟೆತ್ತರದಲ್ಲಿದ್ದದ್ದರಿಂದ ಐದಾರು ಊರಿನ ಬಯಲು ಅವಳ ಕಣ್ಣಿಗೆ ಬೀಳುತ್ತಿತ್ತು. ಅವಳಿಗೆ ಅದರಲ್ಲಿ ಸ್ವಂತದ ಕಾಳಜಿಯೂ ಇತ್ತು: ಎಣ್ಣೆಯಲ್ಲಿ ಅದ್ದಿ ಒಣಗಲು ಹರವಿದ ದ್ರಾಕ್ಷಿಯ ಮೇಲೆ ಬೂದಿ ಬಿದ್ದರೆ ತೊಳೆದರೂ ಹೋಗುವುದಿಲ್ಲ, ವರ್ಷದ ಮಾಲೇ ಕಪ್ಪಾಗುತ್ತದೆ. ಮಾರ್ಚ್ ಬರುವಷ್ಟರಲ್ಲಿ ಅವಳೇ, ಇದು ಶಿವಯೋಗೆಪ್ಪನ ಇಟ್ಟಂಗಿ ಭಟ್ಟಿಯದು, ಬರೆದುಕೊಳ್ಳಿ ಸಾಕು, ಗಾಡಿ ಬೇಡ ಎಂದು ಹೇಳುವಂತಾದಳು. ಒಂದು ದಿನ ಮಾತಿನ ನಡುವೆ, ಬಹಳ ವರ್ಷದ ಹಿಂದೆ ವಿಜಯಪುರದ ಬಸ್ಸು ಹಿಂದುಗಡೆ ನಿಂತಿದೆ ಎಂದು ಅವನು ಸಾರಿದ್ದನ್ನೂ, ಅದು ಮುಂದುಗಡೆಯಿಂದ ಹೊರಟುಹೋಗಿದ್ದನ್ನೂ, ತಾನು ತಂಗಿಯ ಸೀಮಂತಕ್ಕೆ ತಡವಾಗಿ ಮುಟ್ಟಿದ್ದನ್ನೂ ನೆನಪಿಸಿದಳು. ಅವನು ಕ್ಷಮೆ ಕೇಳಿದ. ಅವಳು ನೋಡೋಣ ಎಂದಳು.

ಶೇವಂತಾ ದಿನಾ ಸಂಜೆ ಚಹಾ ಕೊಡುತ್ತ, ನಿಮ್ಮ ಬೇದಾಣಾಬಾಯಿ ಇವತ್ತು ಏನಂದಳು ಎಂದು ಕೇಳುವುದು ರೂಢಿಯಾಯಿತು.

ಮಾರ್ಚ್ ಕೊನೆಯ ವಾರ, ಮಧ್ಯಾಹ್ನ ಎರಡೂಕಾಲು ಗಂಟೆಗೆ ಫೋನ್ ಬಂತು.

“ದಶರಥರ, ಇದು ಬ್ಯಾರೆ ಐತ್ರಿ,” ಎಂದಳು ರುಕ್ಮವ್ವ. ದನಿ ಯಾವತ್ತಿನಂತಿರಲಿಲ್ಲ. ಕುಣಿಕೋಣೂರಿನ ಗಾಯರಾನದಲ್ಲಿ, ಅಂದರೆ ಊರ ದನ ಮೇಯುವ ಹುಲ್ಲುಬಯಲಿನಲ್ಲಿ, ಹೊಗೆ ಏಳದೆ ನೆಲಕ್ಕೆ ಅಂಟಿಕೊಂಡು ಮೂಡಣ ದಿಕ್ಕಿಗೆ ಹರಿಯುತ್ತಿದೆ ಎಂದಳು.

ಶೈಲಾಳ ಜೀಪು ಯಳವಿಯ ಕಡೆ ಇತ್ತು. ದಶರಥ ಇಲಾಖೆಯ ವೈರ್‌ಲೆಸ್ಸಿನಲ್ಲಿ, ಕೆರೆ ಏರಿಯ ಹಳೆಯ ರಸ್ತೆ ಹಿಡಿ, ಹನ್ನೆರಡು ನಿಮಿಷದ ದಾರಿ ಎಂದ. ಅಲ್ಲಿ ಏನೋ ಅಗೆಯುತ್ತಿದ್ದಾರಂತೆ ಕಾಕಾ ಎಂದಳು ಶೈಲಾ. ಆ ರಸ್ತೆಗೆ ತಾನು ಎಷ್ಟು ಸಾವಿರ ಬಸ್ಸು ಬಿಟ್ಟಿದ್ದೇನೆ, ಹೇಳಿದಷ್ಟು ಮಾಡು ಎಂದ ದಶರಥ. ಊರೂರು ತಿರುಗಿದಾಗ ಅದೊಂದು ರಸ್ತೆಯನ್ನು ಅವನು ನೋಡಿರಲಿಲ್ಲ. ನೋಡುವ ಅಗತ್ಯವೇ ಇಲ್ಲ ಅನ್ನಿಸಿತ್ತು.

ಒಂಬತ್ತನೆಯ ನಿಮಿಷಕ್ಕೆ ಶೈಲಾಳ ದನಿ ಬಂತು. ರಸ್ತೆಗೆ ಅಡ್ಡಲಾಗಿ ಹೊಸ ಕಾಲುವೆ ತೋಡಿದ್ದಾರೆ, ಸೇತುವೆ ಇನ್ನೂ ಅರ್ಧವಾಗಿದೆ, ಹೊಳ್ಳಿ ಸುತ್ತುಹಾಕಿ ಬರಬೇಕು ಎಂದಷ್ಟೇ ಹೇಳಿದಳು. ಸಿಟ್ಟು ತೋರಿಸಲಿಲ್ಲ, ಅದೇ ಅವನಿಗೆ ಹೆಚ್ಚು ನಾಟಿತು. ಸ್ಟ್ಯಾಂಡಿನಲ್ಲಿ ತಪ್ಪು ಸಾರಿದರೆ ಯಾರಿಗೋ ಸೀಮಂತ ತಪ್ಪುತ್ತಿತ್ತು. ಇಲ್ಲಿ ಹಾಗಲ್ಲ. ಅವನು ನಕಾಶೆಯ ಮೇಲೆ ಬೆರಳಿಟ್ಟು ಸುತ್ತುದಾರಿಯನ್ನು ಅಳೆದ.

ಅಷ್ಟರಲ್ಲಿ ಮತ್ತೆ ರುಕ್ಮವ್ವ. ಬೆಂಕಿಯ ದಾರಿಯಲ್ಲೇ ಕುರಿಗಾರ ತುಕಾರಾಮನ ಹಟ್ಟಿ ಇದೆಯಂತೆ. ದೊಡ್ಡ ಕುರಿಗಳನ್ನು ನೀರಿಗೆ ಹೊಡೆದುಕೊಂಡು ಹೋಗಿದ್ದಾನೆ, ಸುತ್ತ ಕಟ್ಟಿದ ಬಲೆಯ ಒಳಗೆ ನಲವತ್ತು ಮರಿಗಳಿವೆ. ದಶರಥ ಟ್ರ್ಯಾಕ್ಟರಿನ ಪಟ್ಟಿ ನೋಡಿದ. ಕುಣಿಕೋಣೂರಿನಲ್ಲಿ ಎರಡಿದ್ದವು, ಒಂದು ಕೆಟ್ಟು ನಿಂತಿತ್ತು, ಇನ್ನೊಂದರ ಮಾಲಕ ಫೋನ್ ಎತ್ತಲಿಲ್ಲ.

“ಅವ್ವಾರ, ನಿಮ್ಮ ಟ್ರ್ಯಾಕ್ಟರ್ ಕಳಸ್ತೀರೇನ್ರಿ?”

ರುಕ್ಮವ್ವನ ಮನೆಯವರು, ಕಾಯಿ ತಡವಾಗಿ ಬಂದ ತೋಟಕ್ಕೆ ಹೊಡೆಯಲು ಆಗಷ್ಟೇ ಟಾಕಿ ತುಂಬ ಔಷಧ ಕಲಸಿದ್ದರು. ಆದರೂ ಅವಳು ಮಗ ಶಂಕರಲಿಂಗನನ್ನು ಕೂಗಿದ್ದು, ಔಷಧ ಚೆಲ್ಲಿ ಹೊಂಡದ ನೀರು ತುಂಬಿಕೋ ಎಂದದ್ದು ದಶರಥನಿಗೆ ಫೋನಿನಲ್ಲೇ ಕೇಳಿಸಿತು.

ಮುಂದಿನ ಅರ್ಧ ತಾಸು ಅವನ ಎಡಗಿವಿಗೆ ರುಕ್ಮವ್ವ, ಬಲಗಿವಿಗೆ ತನ್ನ ಮೊಬೈಲಿನಲ್ಲಿ ಶಂಕರಲಿಂಗ. ಟ್ರ್ಯಾಕ್ಟರಿನ ಮೇಲಿದ್ದವನಿಗೆ ಹೊಗೆಯ ಹೊರತು ಏನೂ ಕಾಣುತ್ತಿರಲಿಲ್ಲ. ದಿಬ್ಬದ ಮೇಲಿದ್ದವಳಿಗೆ ಎಲ್ಲಾ ಕಾಣುತ್ತಿತ್ತು. ಅವಳು ಹೇಳಿದ್ದನ್ನು ದಶರಥ ಎಂಜಿನ್ನಿನ ಸಪ್ಪಳ ಸೀಳಿಕೊಂಡು ಹೋಗುವ ಹಾಗೆ ಒಂದೊಂದೇ ಶಬ್ದ ಬಿಡಿಸಿ, ಎರಡೆರಡು ಸಲ ಸಾರಿದ. ಬೆಂಕಿಯ ಹತ್ತಿರ ಹೋಗಬೇಡ. ಎಡಕ್ಕೆ ಬೇವಿನ ಗಿಡ. ಗಿಡ ದಾಟಿ ನಿಲ್ಲು. ಹಟ್ಟಿಗೂ ಬೆಂಕಿಗೂ ನಡುವೆ ಹುಲ್ಲು ತೋಯಿಸು. ಹೊಳ್ಳಿ ಬಾ, ಇನ್ನೊಮ್ಮೆ ತೋಯಿಸು.

ಎರಡನೆಯ ಸುತ್ತು ಮುಗಿಯುವಾಗ ಬೆಂಕಿ ಒದ್ದೆ ಹುಲ್ಲಿನವರೆಗೆ ಬಂತು. ದಶರಥ ಗಡಿಯಾರ ನೋಡಿದ. ಕೊನೆಗೆ ಅವಳು, “ನಿಂತಿತ್ರಿ,” ಎಂದಳು, “ಎರಡ ಕಡೆ ಸೀಳಿತು, ನಡುವ ನಿಂತಿತ್ರಿ.”

ಸುತ್ತುಹಾಕಿ ಬಂದ ಶೈಲಾಳ ತಂಡ ಸೀಳಿದ ಎರಡು ಬಾಯಿಗಳನ್ನೂ ನಾಲ್ಕು ಗಂಟೆಯೊಳಗೆ ಬಡಿದು ಆರಿಸಿತು. ಮೂವತ್ತೆಕರೆ ಹುಲ್ಲು ಸುಟ್ಟಿತ್ತು. ಹಟ್ಟಿಯ ಒಂದು ಮಗ್ಗುಲಿನ ಬಲೆಯೂ ತುಕಾರಾಮನ ಕಂಬಳಿಯೂ ಕರಕಾಗಿದ್ದವು. ಮರಿಗಳು ನಲವತ್ತೂ ಇದ್ದವು. ಒದ್ದೆಯಾಗಿ ನಡುಗುತ್ತ ಒಂದರ ಮೇಲೊಂದು ಬಿದ್ದು ಅರಚುತ್ತಿದ್ದವು ಎಂದು ಶೈಲಾ ವೈರ್‌ಲೆಸ್ಸಿನಲ್ಲಿ ಹೇಳಿದಳು. ಅವಳ ಹಿಂದೆ ಆ ಅರಚಾಟ ಕೇಳಿಸಿತು. ದಶರಥ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಅದನ್ನು ಕೊನೆಯವರೆಗೂ ಕೇಳಿದ.

ಸಂಜೆ ವರದಿ ಬರೆಯುವಾಗ, ರಸ್ತೆ ಬಂದಾಗಿತ್ತು ಎಂದಷ್ಟೇ ಬರೆದರೂ ನಡೆಯುತ್ತದೆ ಎಂದು ರವಿಕುಮಾರ ಸೂಚಿಸಿದ. ದಶರಥ, ಕಂಟ್ರೋಲ್ ರೂಮು ಪರೀಕ್ಷಿಸದ ರಸ್ತೆಗೆ ಗಾಡಿ ಬಿಟ್ಟಿದೆ, ಸ್ಥಳದವರ ಮಾತು ಕೇಳಿಲ್ಲ, ಹತ್ತೊಂಬತ್ತು ನಿಮಿಷ ಹಾಳು, ತಪ್ಪು ನನ್ನದು ಎಂದು ಬರೆದು ಸಹಿ ಹಾಕಿದ. ಅವತ್ತು ರಾತ್ರಿ ಶೇವಂತಾ ಅವನ ಮುಂದೆ ಬಿಸಿ ಜೋಳದ ಭಕ್ಕರಿ ಇಟ್ಟು, ಅವನು ತಿಂದು ಮುಗಿಸುವವರೆಗೆ ಪಕ್ಕದಲ್ಲೇ ಕೂತಿದ್ದಳು.

ಶೈಲಾ ಎರಡು ದಿನ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ತನ್ನ ಮೋಟರ್‌ಸೈಕಲ್ಲನ್ನು ಕೋಣೆಯ ಬಾಗಿಲಿಗೇ ತಂದು ನಿಲ್ಲಿಸಿದಳು.

“ಹತ್ರಿ ಕಾಕಾ,” ಅಂದಳು. “ನಿಮ್ಮ ರಸ್ತಾ ಎಲ್ಲಾ ಒಮ್ಮಿ ನೋಡಿ ಬರೂಣು.”

ಫೋನಿಗೆ ಬೇರೊಬ್ಬರನ್ನು ಕೂರಿಸಿ ಮೂರು ದಿನ ಇಬ್ಬರೂ ತಿರುಗಿದರು. ನಕಾಶೆಯ ಮೇಲೆ ಹದಿನಾಲ್ಕು ರಸ್ತೆ ತಿದ್ದಬೇಕಾಯಿತು. ಒಂದೊಂದು ತಿದ್ದುವಾಗಲೂ ಶೈಲಾ ಅವನ ಮುಖ ನೋಡಿ ನಗುತ್ತಿದ್ದಳು, ಹತ್ತನೆಯದರ ಹೊತ್ತಿಗೆ ಅವನಿಗೂ ನಗು ಬರತೊಡಗಿತು.

ಏಪ್ರಿಲಿನಲ್ಲಿ ಒಂದು ರಜೆಯ ದಿನ ದಶರಥ ಶೇವಂತಾಳನ್ನು ಕರೆದುಕೊಂಡು ಸನಮಡಿಯ ದಿಬ್ಬ ಹತ್ತಿದ. ಇಷ್ಟು ದಿನದ ದನಿ ಕೇಳಿ ಅವನು ಎತ್ತರದ, ದಪ್ಪ ಹೆಂಗಸನ್ನು ಕಲ್ಪಿಸಿಕೊಂಡಿದ್ದ. ಹಸಿರು ಬಲೆಯ ಶೆಡ್ಡಿನಿಂದ ಹೊರಗೆ ಬಂದವಳು ಅವನ ಭುಜಕ್ಕೂ ಬರದ ಸಣ್ಣ ಮುದುಕಿ. ಬರ್ರಿ, ಕುಂದ್ರಿ ಎಂದು ಇಬ್ಬರಿಗೂ ಹಗ್ಗದ ಮಂಚ ಹಾಕಿಸಿದಳು. ಮುಂದೆ ಅವನನ್ನು ಯಾರೂ ವಿಚಾರಿಸಲಿಲ್ಲ. ಶೇವಂತಾಳೂ ರುಕ್ಮವ್ವನೂ ಮೊಣಕಾಲು ನೋವು, ಶೇಂಗಾದ ಹಿಂಡಿ, ಗಂಡಸರು ಮನೆಯಲ್ಲಿ ಕೂತರೆ ಆಗುವ ತೊಂದರೆ ಎಂದು ಮಾತಾಡುತ್ತಲೇ ಹೋದರು. ಬಹಳ ಹೊತ್ತಿನ ಮೇಲೆ ಸಂದು ಸಿಕ್ಕಾಗ ದಶರಥ ಬಂದ ಕೆಲಸ ಹೇಳಿದ: ಮುಂದಿನ ವರ್ಷ ಕಂಟ್ರೋಲ್ ರೂಮಿನ ಪಟ್ಟಿಯಲ್ಲಿ ಹೊಗೆ ಕಾಯುವವರು ಎಂದು ನಿಮ್ಮ ಹೆಸರು ಹಾಕಬೇಕೆಂದಿದ್ದೇನೆ, ಸಾಹೇಬರು ಒಪ್ಪಿದ್ದಾರೆ.

ರುಕ್ಮವ್ವ ಸೆರಗಿನಿಂದ ಕೈ ಒರೆಸಿಕೊಂಡಳು.

“ಅಮಾಸಿಗೆ ಸೂಟಿ ಐತೇನ್ರಿ?” ಎಂದು ಕೇಳಿದಳು.

ಕೇಳಿ ಹೇಳುತ್ತೇನೆಂದ ದಶರಥ. ಶೇವಂತಾ ಆಗಲೇ ಶೆಡ್ಡಿನೊಳಗೆ ಹೋಗಿ, ಹರವಿದ ದ್ರಾಕ್ಷಿಯನ್ನು ಹೇಗೆ ಮಗುಚುತ್ತಾರೆಂದು ನೋಡುತ್ತಿದ್ದಳು.