ಪಳಗಿದ ಆಕ್ಟೋಪಸ್

ನಮ್ಮ ಭಾವನಿಗೆ ಸಮುದ್ರದ ಬಗ್ಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ. ಕೇಳಿದವರಿಗೂ ಹೇಳುತ್ತಾನೆ, ಕೇಳದವರಿಗೂ ಹೇಳುತ್ತಾನೆ. ಅಕ್ಕನನ್ನು ಮದುವೆಯಾಗುವ ಮೊದಲು ಹಳೇ ಟೈರ್ ಮಾರುತ್ತಿದ್ದವನು, ಈಗ ಒಂದು ದೋಣಿ, ಇಪ್ಪತ್ತು ಮಾಸ್ಕು, ಇಪ್ಪತ್ತು ಉಸಿರುಕೊಳವೆ ಇಟ್ಟುಕೊಂಡು ಹವಳದ ದಿಬ್ಬ ತೋರಿಸುವ ಪಂಡಿತ. ಎದುರಿಗೆ ಬಹುವಚನ ಕೊಡುತ್ತೇನೆ, ಅಕ್ಕನ ಮುಖ ನೋಡಿ. ಇಲ್ಲಿ ಆ ದಾಕ್ಷಿಣ್ಯ ಬೇಕಿಲ್ಲ.

ನೀರಿಗಿಳಿದು ಪ್ರವಾಸಿಗರ ಕೈಹಿಡಿದು ಸುತ್ತಿಸುವವಳು ನಾನು. ಅವರೂ ಅವನಿಗೆ ತಕ್ಕವರೇ. ಆಮೆ ಎಷ್ಟು ಗಂಟೆಗೆ ಬರುತ್ತದೆ ಎಂದು ಕೇಳುತ್ತಾರೆ. ಈಜು ಬರುತ್ತದೆ ಎಂದು ಎದೆ ತಟ್ಟಿಕೊಂಡವರು, ಸುಸ್ತಾದ ಕೂಡಲೇ ನೂರು ವರ್ಷದ ಹವಳದ ಮೇಲೆ ಕಾಲೂರಿ ನಿಲ್ಲುತ್ತಾರೆ. ಭಾವ ದೋಣಿಯಲ್ಲಿ ನಿಂತು ಭಾಷಣ ಬಿಗಿಯುತ್ತಾನೆ. ದಿನಕ್ಕೊಂದೇ ಸಲ ಮೈ ಒದ್ದೆ ಮಾಡಿಕೊಳ್ಳುತ್ತಾನೆ, ಅದೂ ಆಕ್ಟೋಪಸ್‌ಗೆ ಕಚಗುಳಿ ಇಡಲು.

ಅದು ಒಂದಾಳು ನೀರಿನಡಿ, ಬಂಡೆಯ ಪೊಟರೆಯಲ್ಲಿತ್ತು. ಬೇರೆ ಆಕ್ಟೋಪಸ್‌ಗಳು ಕೈ ಹತ್ತಿರ ಬಂದರೆ ಮಸಿ ಉಗುಳಿ ಪರಾರಿಯಾಗುತ್ತವೆ. ಇದು ತಿಂಗಳಿಂದ ಜಾಗ ಬಿಟ್ಟು ಕದಲಿರಲಿಲ್ಲ. ಪಳಗಿದೆ, ತನ್ನ ಕೈಯ ಗುರುತು ಹಿಡಿಯುತ್ತದೆ ಎಂದು ಭಾವ ತೀರ್ಮಾನಿಸಿಬಿಟ್ಟ.

ನಾನು ಮೊದಲ ವಾರವೇ ಟಾರ್ಚ್ ಹಾಕಿ ನೋಡಿದ್ದೆ. ಪೊಟರೆಯ ಸೂರಿನಿಂದ ಅಕ್ಕಿಕಾಳಿನಂಥ ಬಿಳಿ ಮೊಟ್ಟೆಗಳು ಎಳೆಎಳೆಯಾಗಿ ಇಳಿಬಿದ್ದಿದ್ದವು. ತಾಯಿ ಏನೂ ತಿನ್ನದೆ ಅವನ್ನು ಸವರುತ್ತ, ನೀರು ಊದುತ್ತ ಕಾಯುತ್ತಿತ್ತು. ಮರಿಗಳು ಹೊರಬಿದ್ದ ಮೇಲೆ ಅದು ಸಾಯುತ್ತದೆ. ಈಗ ಒಂದೊಂದು ಮೊಟ್ಟೆಯಲ್ಲೂ ಕಣ್ಣಿನ ಕಪ್ಪು ಚುಕ್ಕಿ ಕಾಣುತ್ತಿತ್ತು. ಮರಿಯಾಗಲು ಇನ್ನು ನಾಲ್ಕು ದಿನ, ಅಷ್ಟೇ. ಅಕ್ಕನಿಗೂ ನಾನು ಹೇಳಿರಲಿಲ್ಲ. ಅವಳಿಗೆ ಹೇಳಿದರೆ ಡಂಗುರ ಸಾರಿದ ಹಾಗೆ.

ಅವತ್ತು ದೋಣಿಯಲ್ಲಿ ಏಳು ಜನ ಪ್ರವಾಸಿಗರಿದ್ದರು. ಭಾವ ಎಂದಿನಂತೆ ಶುರು ಮಾಡಿದ. ಆಕ್ಟೋಪಸ್‌ಗೆ ತನ್ನ ಮೇಲೆ ಎಷ್ಟು ಪ್ರೀತಿಯೆಂದರೆ, ತಾನು ಒಂದು ದಿನ ಬರದಿದ್ದರೆ ಬಣ್ಣ ಕಳೆದುಕೊಳ್ಳುತ್ತದಂತೆ. ಒಬ್ಬಾಕೆ ಕಣ್ಣು ಒರೆಸಿಕೊಂಡಳು. ನನಗೆ ಮೈಯೆಲ್ಲ ಉರಿದುಹೋಯಿತು.

"ಭಾವ, ಅದು ನಿಮ್ಮ ಮೇಲಿನ ಪ್ರೀತಿಗೆ ಕೂತಿಲ್ಲ. ಒಳಗೆ ಮೊಟ್ಟೆ ಇಟ್ಟಿದೆ. ನಿಮ್ಮ ಕೈ ಕಂಡ್ರೆ ಅದಕ್ಕೆ ಪ್ರಾಣಭಯ, ಮಕ್ಕಳನ್ನ ಬಿಟ್ಟು ಹೋಗೋಕಾಗದೆ ಸಹಿಸ್ಕೊಂಡಿದೆ."

ಏಳೂ ಜನ ಗೊಳ್ಳೆಂದು ನಕ್ಕರು. ಭಾವನ ಮುಖ ಇಂಗು ತಿಂದ ಮಂಗನಂತಾಯಿತು. ಅಂಥ ಖುಷಿ ನನಗೆ ಎಷ್ಟೋ ವರ್ಷದಿಂದ ಸಿಕ್ಕಿರಲಿಲ್ಲ. ಅಷ್ಟರಲ್ಲಿ ಮುಂದೆ ಕೂತಿದ್ದವನೊಬ್ಬ, ಹಾಗಾದರೆ ಮೊಟ್ಟೆ ನೋಡಬಹುದಾ ಎಂದು ಕೇಳಿದ.

"ಯಾಕಾಗಲ್ಲ? ಅದನ್ನ ಸ್ವಲ್ಪ ಆಚೆ ಸರಿಸಿದ್ರಾಯ್ತು," ಎಂದ ಭಾವ.

ನಾನು ಅವನ ತೋಳು ಹಿಡಿದುಕೊಂಡೆ. ನಾಲ್ಕು ದಿನ ತಡೆಯಿರಿ ಎಂದು ಅಷ್ಟೂ ಜನರೆದುರು ಅಂಗಲಾಚಿದೆ. ಅವನು ನಕ್ಕ.

"ನೀನೇ ಹೇಳಿದ್ಮೇಲೆ ತೋರಿಸ್ದೇ ಇರೋಕಾಗತ್ತೇನಮ್ಮ?"

ಕೊಕ್ಕೆಕೋಲು ಹಿಡಿದು ಧುಮುಕಿದ. ಏಳೂ ಜನ ಅವನ ಹಿಂದೆಯೇ ಇಳಿದರು. ಮಾಸ್ಕು ಹಾಕಿ, ಅವರನ್ನು ದಾಟಿಕೊಂಡು ನಾನು ಕೆಳಗೆ ಮುಟ್ಟಿದೆ. ಅಷ್ಟರಲ್ಲಿ ಭಾವ ಅದರ ತೋಳುಗಳನ್ನು ಒಂದೊಂದಾಗಿ ಬಂಡೆಯಿಂದ ಕಿತ್ತು, ಎತ್ತಿ ತೋರಿಸಿ, ದೂರ ಬಿಟ್ಟುಬಿಟ್ಟಿದ್ದ. ಪೊಟರೆಗೆ ಮೊದಲು ಎರಡು ಪಟ್ಟೆ ಮೀನು ನುಗ್ಗಿದವು, ಆಮೇಲೆ ಹತ್ತು, ಆಮೇಲೆ ಲೆಕ್ಕವಿಲ್ಲ. ಎರಡೂ ಅಂಗೈ ಅಡ್ಡ ಇಟ್ಟೆ. ಬೆರಳ ಸಂದಿಯಿಂದ ತೂರಿಕೊಂಡು ತಿಂದವು. ಉಸಿರು ಕಟ್ಟಿ ಮೇಲೆ ನೋಡಿದರೆ ಏಳು ಮಾಸ್ಕುಗಳು ಸಾಲಾಗಿ ತೇಲುತ್ತ ಕೆಳಗೆ ನೋಡುತ್ತಿದ್ದವು.

ದೋಣಿ ಹತ್ತಿದ ಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಒಂದೇ ಜಾಗದಲ್ಲಿ ಇಷ್ಟೊಂದು ಮೀನು ಅವರು ಜನ್ಮದಲ್ಲಿ ಕಂಡಿರಲಿಲ್ಲವಂತೆ. ಅದು ತಾನು ಹುಡುಕಿದ ಜಾಗ ಎಂದ ಭಾವ. ಕಣ್ಣು ಒರೆಸಿಕೊಂಡಾಕೆ ನನ್ನ ಕೈಗೆ ಮೀನು ಮುತ್ತಿದ್ದ ಫೋಟೋ ತೋರಿಸಿ, ಬೇಕಾ ಎಂದು ಕೇಳಿದಳು.

ಮರುದಿನ ಬೆಳಗ್ಗೆ ಒಬ್ಬಳೇ ಹೋಗಿ ನೋಡಿದೆ. ತಾಯಿ ಪೊಟರೆಗೆ ವಾಪಸು ಬಂದಿತ್ತು. ಒಂದೆಳೆಯೂ ಉಳಿಯದ ಬೋಳು ಸೂರನ್ನು ಸವರುತ್ತ, ನೀರು ಊದುತ್ತ ಕೂತಿತ್ತು. ಕಚಗುಳಿ ಇಟ್ಟ ಭಾವನ ಕೈಯನ್ನು ಅದು ತಿಂಗಳಿಡೀ ತಡೆದುಕೊಂಡಿತ್ತು. ನನ್ನ ನಾಲಿಗೆಯನ್ನು ಒಂದು ದಿನವೂ ತಡೆದುಕೊಳ್ಳಲು ಅದಕ್ಕಾಗಲಿಲ್ಲ.